ಅವ್ವನ ಫೋನು, ಅಪ್ಪನ ಹೆಸರು

ಕೌದಿ ಹೊಲಿಯುವ ಸೂಜಿ ಬೇಕೆಂದು ಮೊನ್ನೆ ಅವ್ವನ ಟ್ರಂಕು ತೆಗೆದೆ. ಸೂಜಿ ಸಿಕ್ಕಿದ್ದು ಒಂದು ಮೊಬೈಲ್ ಡಬ್ಬಿಯಲ್ಲಿ. ಬಿಳಿ ರಟ್ಟಿನ ಡಬ್ಬಿ, ಮುಚ್ಚಳದ ಮೇಲೆ ಇನ್ನೂ ಅಳಿಸದ ಅರಿಶಿನ ಕುಂಕುಮ, ಒಳಗೆ ಮೂರು ಸೂಜಿ, ನಾಲ್ಕು ಬಣ್ಣದ ದಾರದ ಉಂಡೆ, ಎಲ್ಲಕ್ಕೂ ಕೆಳಗೆ ಇದುವರೆಗೆ ಯಾರೂ ಮಡಿಕೆ ಬಿಚ್ಚದ ಬಳಕೆಯ ಸೂಚನೆಗಳ ಹಾಳೆ. ಅದನ್ನು ಕೈಯಲ್ಲಿ ಹಿಡಿದು ನಾನೊಬ್ಬಳೇ ಕಿಸಕ್ಕನೆ ನಕ್ಕೆ. ಒಳಗಿನಿಂದ ಅವ್ವ, "ಯಾಕ, ತಲಿ ಕೆಟ್ಟೈತೇನು?" ಎಂದಳು. ಆ ಡಬ್ಬಿಯೊಳಗಿನ ಫೋನು ಕೊಂಡಾಗಿನಿಂದ ನಮ್ಮ ಮನೆಯಲ್ಲಿ ಯಾರ ತಲೆಯೂ ಸರಿಯಿಲ್ಲ, ಅದನ್ನು ಹೇಳಿಯೇ ಬಿಡುತ್ತೇನೆ.

ನಮ್ಮ ಮನೆಗೆ ಬಂದ ಮೊದಲ ಫೋನು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಎದೆ ತಟ್ಟಿ ಹೇಳಬಲ್ಲೆ, ಅದು ನಾನೇ ಎಂದು. ಅಳವಂಡಿಯ ಮನೆಯಲ್ಲಿ ಅವ್ವ ಒಲೆಯ ಮುಂದೆ, ಅಪ್ಪ ಹೊರಗೆ ಕಟ್ಟೆಯ ಮೇಲೆ. ನಡುವೆ ಹನ್ನೆರಡು ಹೆಜ್ಜೆ. "ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವಂತ" ಎಂದು ಅವ್ವ ಅಂದರೆ ನಾನು ಓಡಿ ಹೋಗಿ ಹೇಳಬೇಕು. "ನಿಮ್ಮವ್ವಗ ಹೇಳು, ಬಂದೆ ಅಂತ" ಎಂದು ಅಪ್ಪ ಅಂದರೆ ಓಡಿ ಬಂದು ಹೇಳಬೇಕು. ಅಪ್ಪ ಅಷ್ಟು ಗಟ್ಟಿಯಾಗಿ ಅಂದದ್ದು ಅವ್ವನಿಗೆ ಕೇಳಿಸಿರುತ್ತಿತ್ತು, ಆದರೂ ನಾನು ಬಂದು ಹೇಳುವ ತನಕ ಅವಳು ತಾಟು ಇಡುತ್ತಿರಲಿಲ್ಲ.

ಇದಕ್ಕೆ ಕಾರಣ ಜಗಳವಲ್ಲ, ಹೆಸರು. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳಂತೆ. ಎದುರಿಗಿದ್ದರೆ "ಇಲ್ನೋಡ್ರಿ" ಎಂದು ಮಾತು ಶುರು ಮಾಡಬಹುದು. ಕಣ್ಣಿಗೆ ಕಾಣದವರನ್ನು ಏನೆಂದು ಕರೆಯುವುದು? ಆಗಿನ ತನಕ ಅವ್ವ ಅಪ್ಪನ ಹೆಸರು ಹೇಳಿದ್ದು ಎರಡೇ ಸಲ. ಮದುವೆಯಾಗಿ ಬಂದ ದಿನ ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, "ಹೆಸರ ಹೇಳಿ ಒಳಗ ಬಾ" ಎಂದು ಕಾಡಿದಾಗ ಒಂದು ಸಲ, ಅಣ್ಣ ಹೊಟ್ಟೆಯಲ್ಲಿದ್ದಾಗ ಕುಬಸದ ದಿನ ಇನ್ನೊಂದು ಸಲ. ಎರಡೂ ಸಲ ಬರೀ ಹೆಸರಲ್ಲ, ಒಡಪು ಕಟ್ಟಿ. ಒಡಪಿನ ಪ್ರಾಸದೊಳಗೆ ಇಟ್ಟು ಹೇಳಿದರೆ ಹೆಸರಿಗೆ ದೋಷ ತಟ್ಟುವುದಿಲ್ಲವಂತೆ.

ಅಪ್ಪನ ಹೆಸರು ಒಂದಿಷ್ಟು ಅಪರೂಪದ್ದಾಗಿದ್ದರೆ ಇಷ್ಟು ಫಜೀತಿ ಇರುತ್ತಿರಲಿಲ್ಲ. ಹನುಮಪ್ಪ! ಆನೆಗೊಂದಿಯ ಗುಡ್ಡದಲ್ಲೇ ಆ ದೇವರು ಹುಟ್ಟಿದ್ದು ಎಂದು ನಂಬುವ ಸೀಮೆಯಲ್ಲಿ ಓಣಿಗೆ ನಾಲ್ಕು ಮಂದಿ ಹನುಮಪ್ಪ, ಹನುಮೇಶ, ಹನುಮವ್ವ ಇರುತ್ತಾರೆ. ಅವರಲ್ಲಿ ಯಾರ ಹೆಸರನ್ನೂ ಅವ್ವ ಹೇಳುವಂತಿಲ್ಲ. ದೇವರನ್ನೇ "ಬಾಲದ ದೇವ್ರು" ಎನ್ನುತ್ತಾಳೆ. ಸಾಲದ್ದಕ್ಕೆ ನನಗೆ ಟೀಚರ್ ನೌಕರಿ ಸಿಕ್ಕಿದ್ದು ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಕಡೆಗೆ. ಒಮ್ಮೆ ನನ್ನನ್ನು ನೋಡಲು ಹೊರಟವಳು ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು, "ಇದು ಬಾಲದ ದೇವ್ರ ಸಾಗರಕ್ಕ ಹೋಗ್ತೈತೇನಪಾ?" ಎಂದು ಕೇಳಿದಳಂತೆ. ಆತ, "ಹತ್ರಿ ಯವ್ವಾ, ನಮ್ಮನಿಯಾಕಿನೂ ಹಿಂಗ ಅಂತಾಳ, ನನ್ನ ಹೆಸರೂ ಅದ ಐತಿ" ಎಂದು ಕಿಟಕಿಯ ಸೀಟು ಕೊಡಿಸಿದನಂತೆ.

ನಿಜವಾದ ಫೋನು ನಮ್ಮ ಓಣಿಗೆ ಬಂದದ್ದು ೧೯೯೭ರ ಸುಮಾರಿಗೆ, ಕಿರಾಣಿ ಅಂಗಡಿಯ ಶರಣಪ್ಪ ಕಾಕಾನ ಮನೆಗೆ. ನನಗಾಗ ಒಂಬತ್ತು ವರ್ಷ. ಅದಕ್ಕೆ ಕಸೂತಿ ಹಾಕಿದ ಒಂದು ಬಟ್ಟೆ ಹೊದಿಸಿ ಇಟ್ಟಿದ್ದರು. ಒಂದು ಸಂಜೆ ಸೂರ್ಯಕಾಂತಿ ಬೀಜ ತರಲು ಗಂಗಾವತಿಗೆ ಹೋಗಿದ್ದ ಅಪ್ಪ ಬಸ್ಸು ತಪ್ಪಿಸಿಕೊಂಡು ಅಲ್ಲಿಂದ ಫೋನು ಮಾಡಿದ. ಅವ್ವ ಜೋಳದ ಹಿಟ್ಟಿನ ಕೈಯಲ್ಲೇ ಓಡಿದಳು, ಹಿಂದೆ ನಾನು. ರಿಸೀವರ್ ಕಿವಿಗಿಟ್ಟವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆ ಕಡೆಯಿಂದ ಅಪ್ಪ ಕೂಗುವುದು ಅಂಗಡಿಯ ಗಿರಾಕಿಗಳಿಗೂ ಕೇಳುತ್ತಿತ್ತು. ಅವ್ವ ಮಾತ್ರ ಒಂದಕ್ಕೂ ತುಟಿ ಬಿಚ್ಚದೆ, ಪ್ರತಿ ಮಾತಿಗೂ ಹೌದೌದೆಂದು ತಲೆ ಅಲ್ಲಾಡಿಸುತ್ತಿದ್ದಳು.

"ಯವ್ವಾ ನೀಲವ್ವ, ನೀ ತಲಿ ಅಲ್ಲಾಡಿಸಿದ್ದು ಗಂಗಾವತಿಗೆ ಕಾಣಸಂಗಿಲ್ಲ, ಬಾಯಿ ಬಿಡು!" ಎಂದು ಕಾಕಾ ಹಣೆ ಚಚ್ಚಿಕೊಂಡ. ಕೊನೆಗೆ ಅವ್ವ ರಿಸೀವರನ್ನು ನನ್ನ ಕೈಗೆ ಕೊಟ್ಟು, "ಆತು ಅಂತ ಹೇಳು" ಎಂದಳು. ನಾನು "ಆತಂತಪಾ" ಎಂದೆ. ಅಂದಿನಿಂದ ನನ್ನ ಸೇವೆ ಗಂಗಾವತಿಯ ತನಕ ವಿಸ್ತರಿಸಿತು.

ನೌಕರಿ ಸಿಕ್ಕ ಮೇಲೆ ಈ ಊಳಿಗದಿಂದ ಬಿಡುಗಡೆ ಆದೀತೆಂದು ಅವ್ವನಿಗೊಂದು ಗುಂಡಿ ಒತ್ತುವ ಸಣ್ಣ ಫೋನು ಕೊಡಿಸಿದೆ. ಎರಡನೆಯ ಗುಂಡಿ ಒತ್ತಿ ಹಿಡಿದರೆ ನಾನು, ಮೂರು ಒತ್ತಿದರೆ ಅಣ್ಣ, ನಾಲ್ಕು ಒತ್ತಿದರೆ ಅಪ್ಪ. ವರ್ಷಗಳು ಕಳೆದು ಎರಡರ ಅಂಕಿ ಅಳಿಸಿಯೇ ಹೋಯಿತು, ನಾಲ್ಕು ಮಾತ್ರ ಅಂಗಡಿಯಿಂದ ತಂದಂತೆಯೇ ಇತ್ತು. ಅಣ್ಣ ಲೈನ್‌ಮನ್, ಬೆಳಗಾದರೆ ಯಲಬುರ್ಗಾಕ್ಕೆ ಹೋಗಿಬಿಡುತ್ತಾನೆ. ಅವನ ಹೆಂಡತಿ, ನಮ್ಮ ವೈನಿ, ಅಂಗನವಾಡಿಗೆ ಹೋಗುತ್ತಾಳೆ. ಮಧ್ಯಾಹ್ನ ರೊಟ್ಟಿ ಬಡಿದ ಮೇಲೆ ಅವ್ವ ನನಗೆ ಫೋನು ಹಚ್ಚುತ್ತಾಳೆ: "ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವಂತ." ಹೊಲ ಮನೆಯ ಹಿತ್ತಲಿನಿಂದ ಕೂಗಳತೆ ದೂರ. ಆ ಸುದ್ದಿ ಅಳವಂಡಿಯಿಂದ ಹನುಮಸಾಗರಕ್ಕೆ ಬಂದು, ನನ್ನ ಗಣಿತದ ತರಗತಿಯೊಳಗೆ ಹಾದು, ತಿರುಗಿ ಅಳವಂಡಿಗೆ ಹೋಗಿ ಅಪ್ಪನ ಕಿವಿ ಸೇರಬೇಕು.

ತರಗತಿಯ ಮಕ್ಕಳಂತೂ ಫೋನು ಗುರ್ ಎಂದ ಕೂಡಲೇ, "ಟೀಚರ್, ರೊಟ್ಟಿ ಆದ್ವು!" ಎಂದು ರಾಗ ತೆಗೆಯುತ್ತಿದ್ದವು. ಒಂದು ದಿನ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ಭಾಳ ಸಂಭಾವಿತರು, ಗದರಿಸಲಿಲ್ಲ. "ಟೀಚರ್, ನಿಮ್ಮ ತಂದಿಯವರ ಊಟದ ಬೆಲ್ಲು ನಮ್ಮ ಸಾಲಿ ಬೆಲ್ಲಿಗಿಂತ ಕರೆಕ್ಟ್ ಹೊಡಿತೈತಿ. ಆದ್ರ ಇನ್ನೊಮ್ಮೆ ಪಾಠದಾಗ ಫೋನ್ ಎತ್ತಿದ್ರ ನಾ ನೋಟಿಸ್ ಕೊಡಬೇಕಾಗ್ತೈತಿ ನೋಡ್ರಿ" ಎಂದರು. ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಬಿದ್ದರೆ ಅದು ರೊಟ್ಟಿಯ ಹೆಂಚಿನಿಂದಲೇ ಬೀಳುವ ಲಕ್ಷಣ ಕಂಡಿತು.

ಹಾಗಾಗಿ ಅವ್ವ ತಾನೇ ಅಪ್ಪನೊಡನೆ ಮಾತಾಡಲೇಬೇಕಾಗಿತ್ತು. ನಾನೊಂದು ಹಂಚಿಕೆ ಹಾಕಿದೆ. ಎದುರಿಗೆ ಕಂಡರೆ "ಇಲ್ನೋಡ್ರಿ" ಎನ್ನುವವಳಿಗೆ ಮುಖ ಕಾಣುವ ಫೋನು ಕೊಡಿಸಿದರೆ ಹೆಸರಿನ ಹಂಗೇ ಇಲ್ಲವಲ್ಲ! ಅಪ್ಪನ ಹತ್ತಿರ ನನ್ನ ಹಳೆಯ ಸ್ಮಾರ್ಟ್‌ಫೋನು ಆಗಲೇ ಇತ್ತು. ಅವ್ವನಿಗೊಂದು ಕೊಳ್ಳುವುದಷ್ಟೇ ಬಾಕಿ.

ನಾನು ಗಣಿತದ ಟೀಚರ್. ಶಿಸ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಜಾಗ ಎಷ್ಟಿದೆ, ಅಕ್ಷರ ದೊಡ್ಡದಾಗುತ್ತದೆಯೇ, ರಿಪೇರಿ ಎಲ್ಲಿ, ಪಕ್ಕಾ ಬಿಲ್ಲು ಕೊಡುತ್ತಾರೆಯೇ. ಅವ್ವನ ತವರು ಗಂಗಾವತಿ ಕಡೆಯದು, ಆದ್ದರಿಂದ ಕೊಪ್ಪಳದ ಅಂಗಡಿಗಳನ್ನೆಲ್ಲ ದಾಟಿ ಗಂಗಾವತಿಗೇ ಹೋದೆವು. ನಾನು ಕನ್ನಡಕ ಏರಿಸಿ ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಅವ್ವ ಫೋನನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಾರಿಸಿದಳು.

"ಠಣ್ ಅನ್ನವಲ್ದು. ಇದು ಎಲ್ಲೋ ಸೀಳೈತಿ."

ಅಂಗಡಿಯ ಭಾಯಿ ನಕ್ಕ. "ಯವ್ವಾ, ಅದು ಗಡಿಗಿ ಅಲ್ರೀ!"

"ಗಡಿಗಿಗೆ ಇಷ್ಟ ರೊಕ್ಕ ಯಾರ ಕೊಡ್ತಾರಪಾ? ಅದಕ್ಕ ಬಾರಿಸಿ ನೋಡಾಕತ್ತೀನಿ."

ಆಮೇಲೆ ಅವಳು ಮಾಡಿದ ಪರೀಕ್ಷೆ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. "ನೀ ಇಲ್ಲೇ ಒಂದೊಂದ ರಿಂಗ್ ಬಾರಸು" ಎಂದು ಭಾಯಿಗೆ ಹೇಳಿ, ರಸ್ತೆ ದಾಟಿ ಮಿರ್ಚಿ ಬಂಡಿಯ ಪಕ್ಕ ಹೋಗಿ ನಿಂತಳು. ಬಸ್ಸು, ಆಟೋ, ಎಣ್ಣೆಯ ಚುರುಗುಟ್ಟುವಿಕೆ ಎಲ್ಲವನ್ನೂ ಸೀಳಿಕೊಂಡು ರಿಂಗು ಯಾವ ಫೋನಿನದು ಕೇಳಿಸಿತೋ ಅದಕ್ಕೆ ಅಲ್ಲಿಂದಲೇ ಕೈ ಎತ್ತಿದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳದೊಳಗೆ ಕೇಳಿಸಬೇಕಾದ ಫೋನಿಗೆ ಇದಕ್ಕಿಂತ ಶಾಣ್ಯಾತನದ ಪರೀಕ್ಷೆ ಬೇರೆ ಇಲ್ಲ. ನಾನು ತೆಪ್ಪಗೆ ನೋಟ್‌ಬುಕ್ಕು ಚೀಲಕ್ಕೆ ಹಾಕಿದೆ. ಇನ್ನು ಕೊಸರು. ಏನೇ ಕೊಂಡರೂ ಮೇಲೊಂದಿಷ್ಟು ಹಾಕಿಸಿಕೊಳ್ಳುವುದು ಅವ್ವನ ಜನ್ಮಸಿದ್ಧ ಹಕ್ಕು. ಹೊಸ ಸಿಮ್ಮು, ಕವರು, ಗಾಜು, ಒಂದು ಕ್ಯಾಲೆಂಡರು ಇಷ್ಟನ್ನೂ ಕೊಸರೆಂದು ಹಾಕಿಸಿಕೊಂಡು, ಬಿಲ್ಲಿನ ಮೇಲೆ ತಾನೇ ಸಹಿ ಮಾಡಿದಳು. "ಎಂಟ ದಿನದಾಗ ನನಗ ಬ್ಯಾಡಾತಂದ್ರ ತಿರುಗಿ ತಗೊಬೇಕು ನೋಡಪಾ" ಎಂಬ ಕರಾರೂ ಆಯಿತು.

ಮರುದಿನ ಭಾನುವಾರ, ಎಲ್ಲರೂ ಮನೆಯಲ್ಲಿ. ಅಪ್ಪನೊಬ್ಬ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದ. ಮೊದಲು ಪೂಜೆ. ಅವ್ವ ಕಾಯಿ ಒಡೆದು, ಫೋನಿನ ಬೆನ್ನಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಸರಿಯಾಗಿ ಕ್ಯಾಮೆರಾಗಳ ಮೇಲೆ. ಆ ದಿನ ತೆಗೆದ ಫೋಟೋಗಳಲ್ಲಿ ನಾವೆಲ್ಲ ಮಂಜಿನೊಳಗೆ ನಿಂತಿದ್ದೇವೆ.

ಆಮೇಲೆ ಬೀಗ ಹಾಕುವ ಕೆಲಸ. "ಅವ್ವಾ, ಇಲ್ಲಿ ಹೆಬ್ಬೆಟ್ಟು ಇಡು" ಎಂದೆ. ಇಂಥ ತಪ್ಪು ಮಾತು ನಾನು ಆಡಬಾರದಿತ್ತು. ಊರಿಗೆ ಅಕ್ಷರ ಕಲಿಸುವವರು ಬಂದಾಗ ಹಟ ಹಿಡಿದು ಸಹಿ ಕಲಿತವಳು ಅವಳು. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕೆಂದು ಆ ಕೆಲಸಕ್ಕೂ ಅಣ್ಣನನ್ನೇ ಕಳಿಸುತ್ತಾಳೆ. "ಸಹಿ ಬರಾಕಿಗೆ ಹೆಬ್ಬಟ್ಟ ಒತ್ತಂತೀಯಾ? ನೀ ಟೀಚರ್ ಅದೀಯಲ್ಲ, ನಾಚಿಕಿ ಬರಂಗಿಲ್ಲ?" ಎಂದು ಝಾಡಿಸಿದಳು. ಸರಿ, ಒಂಬತ್ತು ಚುಕ್ಕೆಗಳ ಮೇಲೆ ಗೆರೆ ಎಳೆಯುವ ಬೀಗ ತೋರಿಸಿದೆ. ಚುಕ್ಕೆ ಕಂಡದ್ದೇ ಮುಖ ಅರಳಿತು. ಚಕಚಕನೆ ಎಳೆದು ಗೆರೆಯನ್ನು ಹೊರಟ ಚುಕ್ಕೆಗೇ ತಂದು ಮುಟ್ಟಿಸಲು ಹೋದಳು, ಫೋನು ಒಪ್ಪಲಿಲ್ಲ. "ಬಾಯಿ ತೆರದ ರಂಗೋಲಿ ಬಿಡಬಾರ್ದು" ಎಂದು ಅವಳೂ ಒಪ್ಪಲಿಲ್ಲ. ಕೊನೆಗೆ ನಾಲ್ಕು ಅಂಕಿ ಹಾಕಿ, ಇದನ್ನು ಯಾರಿಗೂ ಹೇಳಬೇಡ ಎಂದೆ. ಹೂಂ ಎಂದವಳು ಐದು ನಿಮಿಷದಲ್ಲಿ ವೈನಿಗೂ ಪಕ್ಕದ ಮನೆಯ ಶಾಂತವ್ವನಿಗೂ ಬಾಯಿಪಾಠ ಮಾಡಿಸಿದ್ದಳು. "ನಾ ಮರತ್ರ ಯಾರರ ನೆನಪಿಡಬೇಕಲ್ಲ?"

ಅಪ್ಪನ ನಂಬರಿಗೆ ಅಪ್ಪನ ಫೋಟೋ ಹಾಕಿ, ಇದನ್ನು ಮುಟ್ಟಿದರೆ ಫೋನು ಹೋಗುತ್ತದೆ ಎಂದೆ. ಅವ್ವ ಬೆರಳು ತಂದವಳು ಹಿಂದಕ್ಕೆ ಎಳೆದುಕೊಂಡಳು.

"ಅವರ ಕಣ್ಣಾಗ ಬೆರಳ ಇಡಲೇನು? ನಾ ಒಲ್ಲೆ."

"ಮತ್ತ ಏನ್ ಹಾಕಬೇಕ ಅತ್ತಿ?" ಎಂದು ವೈನಿ ನಗು ತಡೆಯಲಾರದೆ ಕೇಳಿದಳು.

"ಪಾದ ಹಾಕ್ರಿ. ಪಾದ ಮುಟ್ಟಿದ್ರ ತಪ್ಪಿಲ್ಲ."

ಪುಣ್ಯಕ್ಕೆ ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಒಂದು ಹಳೆಯ ಫೋಟೋ ನನ್ನ ಹತ್ತಿರ ಇತ್ತು. ಅದರಿಂದ ಪಾದ ಮಾತ್ರ ಕತ್ತರಿಸಿ ಹಾಕಿದೆ. ಅಷ್ಟರಲ್ಲಿ ರೊಟ್ಟಿ ಆಗಿದ್ದವು. ಅವ್ವ ಕೈ ತೊಳೆದು ಬಂದು ಎಲ್ಲರೆದುರು ಸಾರಿದಳು: "ಇವತ್ತ ಅವರ ಕೂಡ ಮಾತಾಡಾಕ ಆಗಲಿಲ್ಲಂದ್ರ ಡಬ್ಬಿ ಸಮೇತ ವಾಪಸ್ ಕೊಟ್ಟು ಬರೋದ ನೋಡು. ನನಗ ನನ್ನ ಎರಡನೇ ಗುಂಡಿನ ಸಾಕು." ಎರಡನೇ ಗುಂಡಿ ಎಂದರೆ ನಾನು, ನಾನೆಂದರೆ ನೋಟಿಸು.

ವಿಡಿಯೋ ಕರೆ ಹೋಯಿತು. ಅಪ್ಪ ಎತ್ತಿದ. ಪರದೆಯ ತುಂಬ ಏನೋ ಕಂದುಬಣ್ಣದ್ದು, ನಡುವೆ ನಾಲ್ಕು ಬಿಳಿ ಕೂದಲು.

"ಇದೇನ ಇದು?" ಎಂದು ಅವ್ವ ಹೌಹಾರಿದಳು.

"ಮಾವಾರ ಕಿವಿರೀ!" ಎಂದು ವೈನಿ ನೆಲದ ಮೇಲೆ ಉರುಳಿದಳು. ಅಪ್ಪ ಫೋನನ್ನು ಎಂದಿನಂತೆ ಕಿವಿಗೆ ಒತ್ತಿಕೊಂಡಿದ್ದ. ಕಿವಿಗೆ "ಇಲ್ನೋಡ್ರಿ" ಎಂದು ಹೇಳುವುದು ಹೇಗೆಂದು ಅವ್ವ ಯೋಚಿಸುತ್ತಿರುವಾಗಲೇ ಕಿವಿಯೂ ನಿಂತಲ್ಲೇ ನಿಂತು, ಕರೆ ಕಡಿದುಹೋಯಿತು. ಹೊಲದಲ್ಲಿ ಅಷ್ಟು ನೆಟ್‌ವರ್ಕ್ ಇರಲಿಲ್ಲ. ಬರೀ ಮಾತಿನ ಕರೆ ಮಾತ್ರ ಹೋಗುತ್ತಿತ್ತು. ನನ್ನ ಹಂಚಿಕೆ ನೀರುಪಾಲಾಯಿತು.

ಅವ್ವ ನನ್ನ ಮುಖ ನೋಡಿದಳು, ಶಾಂತವ್ವನ ಮುಖ ನೋಡಿದಳು. ಶಾಂತವ್ವ ತುಟಿಯಂಚಿನಲ್ಲಿ ನಗುತ್ತಿದ್ದಳು. ಆ ನಗುವೇ ನಮಗೆ ಉಪಕಾರ ಮಾಡಿತು ಅನ್ನಿ. ಅವ್ವ ಪಾದವನ್ನು ಭಕ್ತಿಯಿಂದ ಮುಟ್ಟಿ, ಫೋನನ್ನು ಕಿವಿಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾನು ಸ್ಪೀಕರ್ ಹಾಕಿದೆ.

"ಹಲೋ, ಯಾರು?" ಅಪ್ಪನ ದನಿ.

"ನಾನ್ರೀ," ಎಂದಳು ಅವ್ವ. ಕೀರಲು ದನಿ, ನನಗೇ ಗುರುತು ಹತ್ತಲಿಲ್ಲ.

"ನಾನಂದ್ರ ಯಾರು?"

"ನಾನ ರೀ... ಮನ್ಯಾಗಿಂದ."

ಕರೆ ಕಟ್ಟಾಯಿತು. ಎರಡನೆಯ ಸಲವೂ ಹಾಗೆಯೇ. ಆಗ ನನಗೆ ನನ್ನದೇ ಪಾಠ ನೆನಪಾಯಿತು. ಹಳೆಯ ಫೋನು ಕೊಡುವಾಗ ಅಪ್ಪನಿಗೆ ಒಂದು ತಾಸು ಬೋಧನೆ ಮಾಡಿದ್ದೆ. ಹೊಸ ನಂಬರಿನಿಂದ ಬಂದರೆ ನಂಬಬೇಡ, ನಾನು ನಿನ್ನ ಮಗಳು, ನಾನು ನಿನ್ನ ತಮ್ಮ ಎಂದು ಹೇಳಿ ರೊಕ್ಕ ಎಳೆಯುತ್ತಾರೆ, ಈಗ ದನಿಯನ್ನೂ ನಕಲು ಮಾಡುತ್ತಾರಂತೆ, ಅವರ ಬಾಯಿಂದಲೇ ನಿನ್ನ ಹೆಸರು ಕೇಳು, ಹೇಳದಿದ್ದರೆ ಇಟ್ಟುಬಿಡು ಎಂದಿದ್ದೆ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಪಾಠವನ್ನು ಇಷ್ಟು ಚೆನ್ನಾಗಿ ನೆನಪಿಟ್ಟಿಲ್ಲ. ಮೇಲಾಗಿ ಅವ್ವನ ದನಿಯನ್ನು ಅಪ್ಪ ಫೋನಿನಲ್ಲಿ ಕೇಳಿಯೇ ಇರಲಿಲ್ಲವಲ್ಲ!

ಮೂರನೆಯ ಸಲ ಅಪ್ಪ ಗದರಿಕೊಂಡೇ ಎತ್ತಿದ. "ನೋಡವಾ ತಂಗಿ, ನನ್ನ ಮಗಳು ಟೀಚರ್ ಅದಾಳ, ನನಗ ಎಲ್ಲಾ ಹೇಳ್ಯಾಳ. ನೀ ಖರೇನ ನಮ್ಮನಿಯಾಕಿ ಆಗಿದ್ರ ನನ್ನ ಹೆಸರ ಏನ ಹೇಳು ನೋಡೂಣು!"

ನಾನು ಬಾಯಿ ಹಾಕಬಹುದಿತ್ತು. ಹಾಕಿದ್ದರೆ ಮತ್ತೆ ನಾನೇ ಫೋನು ಆಗುತ್ತಿದ್ದೆ. ತುಟಿ ಕಚ್ಚಿ ನಿಂತೆ. ಅವ್ವನ ಮುಖ ಕೆಂಪಾಯಿತು. ಇಷ್ಟು ವರ್ಷ ಸಂಸಾರ ಮಾಡಿದವಳನ್ನು ಯಾವಳೋ ಮೋಸಗಾತಿ ಎಂದುಕೊಂಡು ತಂಗೀ ಎಂದುಬಿಟ್ಟಿದ್ದ ಅಪ್ಪ. ಬುಟ್ಟಿಯಲ್ಲಿ ರೊಟ್ಟಿ ಆರುತ್ತಿದ್ದವು. ಅವ್ವ ಸೆರಗು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದಳು:

"ಹೊಲಕ್ಕ ಚಂದ ಹಸರ ಪೈರು, ಒಲಿಗಿ ಚಂದ ಕಿಚ್ಚು,
ಹನುಮಪ್ಪನವರು ಹೊತ್ತಿಗಿ ಬಂದ್ರ ರೊಟ್ಟಿ ರುಚಿ ಹೆಚ್ಚು!"

ಆ ಕಡೆ ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗುವುದು ಕೇಳುತ್ತಿತ್ತು. ಆಮೇಲೆ ಅಪ್ಪ ಮೆಲ್ಲಗೆ ಕೆಮ್ಮಿದ.

"ಸರಿ ಕೇಳಸಲಿಲ್ಲ. ಇಲ್ಲಿ ನೆಟ್‌ವರ್ಕ್ ಇಲ್ಲ. ಇನ್ನೊಮ್ಮೆ ಹೇಳು."

ಟಿಟ್ಟಿಭದ ಕೂಗು ಕೇಳುವಷ್ಟು ನೆಟ್‌ವರ್ಕ್ ಇತ್ತು! ಶಾಂತವ್ವ ಸೆರಗು ಬಾಯಿಗೆ ತುರುಕಿಕೊಂಡಳು, ಅಣ್ಣ ಗೋಡೆಗೆ ಮುಖ ಮಾಡಿ ಅಲುಗಾಡುತ್ತಿದ್ದ. ನನಗೆ ಮಾತ್ರ ನಗುವಿನ ನಡುವೆಯೇ ಕಣ್ಣಲ್ಲಿ ನೀರು ಬಂತು. ಅವ್ವ, "ಲಗೂನ ಬರ್ರಿ, ಸಾಕ ನಿಮ್ಮ ಚಾಷ್ಟಿ" ಎಂದು ಫೋನು ಇಟ್ಟಳು. ಅಪ್ಪ ಅಂದು ಎಂದಿಗಿಂತ ಅರ್ಧ ವೇಳೆಯಲ್ಲಿ ಮನೆ ಮುಟ್ಟಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪ ಎರಡು ರೊಟ್ಟಿ ಹೆಚ್ಚು ತಿಂದ.

ಅಂದಿನಿಂದ ನನ್ನ ತರಗತಿ ಶಾಂತವಾಯಿತು. ಅಪ್ಪ ನಂಬರನ್ನು ಉಳಿಸಿಕೊಳ್ಳದೆ, ದಿನವೂ ಹೊಸ ನಂಬರೇ ಎಂಬಂತೆ "ಯಾರು?" ಎನ್ನುತ್ತಾನೆಂದೂ, ಅವ್ವ ದಿನಕ್ಕೊಂದು ಹೊಸ ಒಡಪು ಕಟ್ಟುತ್ತಾಳೆಂದೂ ವೈನಿಯಿಂದ ಸುದ್ದಿ ಬರುತ್ತಿತ್ತು. ಭಾಗಾಕಾರ ಯಾವ ಅಡ್ಡಿಯಿಲ್ಲದೆ ಸಾಗಿತು. ಊಟದ ಬಿಡುವಿನಲ್ಲಿ ನಾನೇ ಅವ್ವನಿಗೆ ಹಚ್ಚಿದರೆ ಬಿಜಿ. ಅಪ್ಪನಿಗೆ ಹಚ್ಚಿದರೆ ಅದೂ ಬಿಜಿ. ಮಕ್ಕಳು, "ಟೀಚರ್, ಈಗ ರೊಟ್ಟಿ ಆಗಂಗಿಲ್ಲೇನ್ರಿ?" ಎಂದು ಕೇಳಿದವು. ಬೇಡ ಬೇಡವೆಂದು ಬಿಡಿಸಿಕೊಂಡ ಚಾಕರಿ ಅದು. ಆದರೂ ಹೇಳುತ್ತೇನೆ, ನಗಬೇಡಿ, ನನಗೆ ಹೊಟ್ಟೆಕಿಚ್ಚಾಯಿತು. ಸಣ್ಣವಳಿದ್ದಾಗಿನಿಂದ ಮಾಡಿದ ಕೆಲಸ ನನ್ನದು.

ಮೂರನೆಯ ವಾರ, ಗಣಿತದ ಪಿರಿಯಡ್ಡು. ಫೋನು ಗುರ್ ಎಂದಿತು. ಅವ್ವ! ಮಕ್ಕಳ ಮುಖ ಅರಳಿತು. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು. ನಾನು ಎತ್ತಿದೆ.

"ನಿಮ್ಮಪ್ಪ ಸ್ಪೀಕರ್ ಹಾಕಿ, ಕಳೆ ತಗಿಯೋ ಹೆಣಮಕ್ಕಳಿಗೆಲ್ಲ ನನ್ನ ಒಡಪು ಕೇಳಿಸ್ಯಾರ! ಅವರಿಗೆ ಹೇಳು, ಇನ್ನ ಮ್ಯಾಲ ನಾ ಅವರ ಕೂಡ ಫೋನಿನ್ಯಾಗ ಮಾತಾಡಂಗಿಲ್ಲಂತ!"

ಅಪ್ಪನಿಗೆ ಹಚ್ಚಿ ಹೇಳಿದೆ. ಹಿಂದೆ ಹೆಂಗಸರ ನಗು ಕೇಳುತ್ತಿತ್ತು. "ಹಂಗಾರ ನಿಮ್ಮವ್ವಗ ಹೇಳು, ಹೆಸರ ಹೇಳಿ ಕರಿಯೂ ತನಕ ನಾ ಊಟಕ್ಕ ಬರಂಗಿಲ್ಲಂತ" ಎಂದ ಅಪ್ಪ.

ಹೆಡ್‌ಮಾಸ್ತರರು ಕೈಗಡಿಯಾರ ನೋಡಿಕೊಂಡರು. ನೋಟಿಸು ಬಂದರೆ ಬರಲಿ ಎಂದುಕೊಂಡು ನಾನು ಚಾಕ್‌ಪೀಸು ಕೆಳಗಿಟ್ಟು ಅವ್ವನಿಗೆ ಫೋನು ಹಚ್ಚಿದೆ.